ಶೇಂಗಾ ಹೊಲದ ಮನೆಯ ಹುಡುಗಿ ಸಸ್ಯವಿಜ್ಞಾನ ಓದುತ್ತೇನೆಂದರೆ

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನವರು. ಏಳು ಎಕರೆ ಮಳೆಯಾಶ್ರಿತ ಹೊಲವಿದೆ. ಹೆಚ್ಚಿನ ವರ್ಷ ಶೇಂಗಾ ಹಾಕುತ್ತೇವೆ, ಬೋರ್‌ವೆಲ್‌ನಲ್ಲಿ ನೀರು ಉಳಿದ ವರ್ಷ ಸ್ವಲ್ಪ ಈರುಳ್ಳಿ. ಮಗಳು ಈ ಸಲ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ, ಆದರೆ ನೀಟ್‌ನಲ್ಲಿ ವೈದ್ಯಕೀಯ ಸೀಟು ಸಿಗುವಷ್ಟು ಬಂದಿಲ್ಲ. ಇನ್ನೊಂದು ವರ್ಷ ದಾವಣಗೆರೆಯಲ್ಲಿ ಕೋಚಿಂಗ್‌ಗೆ ಬಿಡೋಣವೆಂದರೆ ಅವಳು ಒಪ್ಪುತ್ತಿಲ್ಲ. ಗಿಡಗಳ ಬಗ್ಗೆಯೇ ಓದುತ್ತೇನೆ, ಆಹಾರವನ್ನೂ ಪ್ಲಾಸ್ಟಿಕ್ಕಿಗೆ ಬದಲಾಗುವ ವಸ್ತುಗಳನ್ನೂ ಗಿಡದಿಂದಲೇ ಪಡೆಯುವ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. "ಬಾಟನಿ ಓದಿದವರಿಗೆ ಮೇಷ್ಟ್ರ ಕೆಲಸ ಬಿಟ್ಟರೆ ಇನ್ನೇನಿದೆ" ಎಂದು ನೆಂಟರು ಕೇಳುತ್ತಾರೆ. ಖಾಸಗಿ ಕಾಲೇಜಿನವರು ಬಯೋಟೆಕ್ನಾಲಜಿಗೆ ಸೇರಿಸಿ, ಕೆಲಸ ಖಾತ್ರಿ ಎಂದು ಫೋನ್ ಮಾಡುತ್ತಿದ್ದಾರೆ. ನನ್ನ ಅನುಮಾನ ಬೇರೆಯೇ ಇದೆ. ನಮ್ಮಪ್ಪ ಬಿತ್ತುತ್ತಿದ್ದ ಟಿಎಂವಿ-2 ಶೇಂಗಾವನ್ನೇ ನಾನೂ ಬಿತ್ತುತ್ತಿದ್ದೇನೆ. ಇಷ್ಟೊಂದು ಜನ ವಿಜ್ಞಾನಿಗಳು ಓದಿದ್ದರಿಂದ ನಮ್ಮ ಹೊಲಕ್ಕೆ ಏನು ಬಂತು? ನನ್ನ ಮಗಳು ಓದಿದರೆ ತಾನೇ ಏನು ಬಂದೀತು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಓದಿನಿಂದ ಜೀವನ ನಡೆದೀತೇ ಎಂಬುದು ಒಂದು, ಯಾವ ಪದವಿಗೆ ಸೇರಿಸಬೇಕೆಂಬುದು ಇನ್ನೊಂದು, ಈ ವಿಜ್ಞಾನದಿಂದ ಮಳೆ ನಂಬಿದ ರೈತನಿಗೆ ಏನಾದರೂ ದಕ್ಕಿದೆಯೇ ಎಂಬುದು ಮೂರನೆಯದು. ಬೆಳೆ ಶರೀರಕ್ರಿಯಾಶಾಸ್ತ್ರವನ್ನು ಕಲಿತು, ಕಲಿಸಿ, ಪ್ರಯೋಗದ ತಾಕುಗಳಲ್ಲಿ ಆಯುಷ್ಯದ ಬಹುಪಾಲು ಕಳೆದ ನನಗೆ ಮೂರನೆಯ ಪ್ರಶ್ನೆಯೇ ಹೆಚ್ಚು ತಟ್ಟಿತು. ಅದನ್ನು ಬದಿಗಿಟ್ಟು ಮೊದಲಿನ ಎರಡಕ್ಕೆ ಮಾತ್ರ ಉತ್ತರಿಸಿದರೆ ಅದು ಸೀಟು ತುಂಬಿಸುವವರ ಮಾತಿನಂತಾದೀತು. ಹಾಗಾಗಿ ಹೊಲದಿಂದಲೇ ಆರಂಭಿಸುತ್ತೇನೆ.

ಸಸ್ಯವಿಜ್ಞಾನವೆಂದರೆ ಗಿಡಗಳ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡುವುದು ಎಂಬ ತಿಳಿವಳಿಕೆ ಪಿಯುಸಿಯ ಪ್ರಶ್ನೆಪತ್ರಿಕೆಗಳಿಂದ ಬಂದದ್ದು. ನೀವು ದಿನವೂ ಕಾಣುವ ಶೇಂಗಾ ಗಿಡವನ್ನೇ ನೋಡಿ. ಹಳದಿ ಹೂವು ನೆಲದ ಮೇಲೆ ಅರಳಿ, ಗರ್ಭಕಟ್ಟಿ, ಬಾಡುತ್ತದೆ. ಕೆಲವು ದಿನಗಳಲ್ಲಿ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಹೊರಟು, ನೆಲದ ಕಡೆಗೆ ಬಾಗಿ, ಮಣ್ಣನ್ನು ಹೊಕ್ಕು, ಕತ್ತಲಲ್ಲಿ ಅಡ್ಡ ತಿರುಗಿ ಕಾಯಿ ಕಟ್ಟುತ್ತದೆ. ಬಿತ್ತಿದ 30–35 ದಿನಕ್ಕೆ ಎಕರೆಗೆ 200 ಕಿಲೊ ಜಿಪ್ಸಂ ಹಾಕಿ, ಎಡೆಕುಂಟೆ ಹೊಡೆದು ಬುಡಕ್ಕೆ ಮಣ್ಣೇರಿಸಿ ಎಂದು ರೈತ ಸಂಪರ್ಕ ಕೇಂದ್ರದವರು ಹೇಳಿರುತ್ತಾರೆ. ಬಿತ್ತುವಾಗಲೇ ಇತರ ಗೊಬ್ಬರದ ಜೊತೆ ಹಾಕಿ ಮುಗಿಸದೆ ಆ ಹೊತ್ತಿಗೆ, ಆ ಜಾಗಕ್ಕೇ ಹಾಕಬೇಕೆನ್ನುವುದಕ್ಕೆ ಕಾರಣವಿದೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನೊಡನೆ ಮೇಲೇರಿ, ನೀರು ಆವಿಯಾಗುವ ಎಲೆಗಳಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಒಮ್ಮೆ ಎಲೆ ಸೇರಿದ್ದು ಕಾಯಿಯ ಪಾಲಿಗೆ ಇಳಿದು ಬರುವುದಿಲ್ಲವೆಂದೇ ಹೇಳಬೇಕು. ಮಣ್ಣೊಳಗಿರುವ ಕಾಯಿಯಿಂದ ನೀರು ಆವಿಯಾಗುವುದಿಲ್ಲ, ಆದ್ದರಿಂದ ಬೇರಿನ ಕ್ಯಾಲ್ಸಿಯಂ ಅದರತ್ತ ಹರಿಯುವುದೂ ಇಲ್ಲ. ಕಾಯಿ ತನಗೆ ಬೇಕಾದುದನ್ನು ತನ್ನ ಸಿಪ್ಪೆಯ ಮೂಲಕವೇ, ಸುತ್ತಲಿನ ಎರಡು ಮೂರು ಅಂಗುಲ ಮಣ್ಣಿನಿಂದ ಹೀರಿಕೊಳ್ಳಬೇಕು. ಅಲ್ಲಿ ಸಾಲದಾದರೆ ಸಿಪ್ಪೆ ತುಂಬಿಕೊಂಡಂತೆ ಕಂಡರೂ ಒಳಗೆ ಬೀಜವಿಲ್ಲದ ಜೊಳ್ಳು ಕಾಯಿ ಸಿಗುತ್ತದೆ. ಗಿಡದೊಳಗೆ ಯಾವ ವಸ್ತು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಕೆದಕಿ ಕೇಳಿದವರಿದ್ದುದರಿಂದ ಆ ಶಿಫಾರಸು ಹುಟ್ಟಿತು. ನಿಮ್ಮ ಮಗಳು ಓದಬೇಕೆನ್ನುತ್ತಿರುವುದು ಈ ಕೇಳುವಿಕೆಯನ್ನು.

ಈಗ ಟಿಎಂವಿ-2 ವಿಷಯ. ಅದು 1940ರ ಸುಮಾರಿಗೆ ತಮಿಳುನಾಡಿನ ತಿಂಡಿವನದಲ್ಲಿ ಹೊರಬಂದ ತಳಿ. ಎಂಬತ್ತು ವರ್ಷ ದಾಟಿದ ತಳಿಯೊಂದು ಇಂದಿಗೂ ಚಳ್ಳಕೆರೆಯ ಹೊಲಗಳಲ್ಲಿದೆಯೆಂದರೆ ವಿಜ್ಞಾನಿಗಳು ಸುಮ್ಮನೆ ಕುಳಿತಿದ್ದರು ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆದದ್ದು ಬೇರೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎಲೆಯ ಮೇಲಿನ ಪತ್ರರಂಧ್ರಗಳು ತೆರೆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಅದೇ ಬಾಗಿಲಿನಿಂದ ನೀರು ಹೊರಗೆ ಹೋಗುತ್ತದೆ. ಒಂದು ಅಣು ಇಂಗಾಲದ ಡೈಆಕ್ಸೈಡ್ ಗಳಿಸಲು ಶೇಂಗಾದಂಥ ಗಿಡ ನೂರಾರು ಅಣು ನೀರನ್ನು ಕಳೆದುಕೊಳ್ಳುತ್ತದೆ. ಮೆಕ್ಕೆಜೋಳ, ರಾಗಿ, ಜೋಳಗಳು ಎಲೆಯ ಒಳರಚನೆಯ ಅನುಕೂಲದಿಂದ ಈ ವ್ಯವಹಾರದಲ್ಲಿ ಕಡಿಮೆ ನಷ್ಟ ಅನುಭವಿಸುತ್ತವೆ, ಶೇಂಗಾಕ್ಕೆ ಆ ಅನುಕೂಲವಿಲ್ಲ. ವರ್ಷಕ್ಕೆ 500 ಮಿಲಿಮೀಟರಿನಷ್ಟೂ ಮಳೆ ಕಾಣದ ನಿಮ್ಮ ಸೀಮೆಯಲ್ಲಿ, ಅದೇ ನೀರಿನಲ್ಲಿ ಹೆಚ್ಚು ಬೆಳೆಯುವ ಶೇಂಗಾ ಗಿಡ ಯಾವುದೆಂದು ಸಾವಿರಾರು ಸಾಲುಗಳ, ಅಂದರೆ ಬೇರೆ ಬೇರೆ ಗುಣದ ತಳಿವಂಶಗಳ, ನಡುವೆ ಗುರುತಿಸುವುದು ಹೇಗೆ? ಪ್ರತಿ ಗಿಡವನ್ನೂ ಕುಂಡದಲ್ಲಿಟ್ಟು ದಿನವೂ ತೂಗುತ್ತ ಕೂರಲಾಗದು. ಇದಕ್ಕೆ ಸಿಕ್ಕ ಉಪಾಯ ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಸೊಗಸಾದ ವಿಚಾರಗಳಲ್ಲೊಂದು. ಗಾಳಿಯ ಇಂಗಾಲದಲ್ಲಿ 12 ತೂಕದ್ದರ ಜೊತೆಗೆ, ನೂರಕ್ಕೆ ಒಂದರಷ್ಟು, 13 ತೂಕದ್ದೂ ಇರುತ್ತದೆ. ಗಿಡಕ್ಕೆ ಹಗುರವಾದದ್ದೇ ಇಷ್ಟ. ಆದರೆ ಬಾಗಿಲನ್ನು ಕಿರಿದಾಗಿ ತೆರೆದು ನೀರು ಉಳಿಸುವ ಗಿಡದ ಎಲೆಯೊಳಗೆ ಇಂಗಾಲದ ಕೊರತೆ ಉಂಟಾಗಿ, ಅದು ಭಾರದ್ದನ್ನೂ ಬಿಡದೆ ಬಳಸಿಕೊಳ್ಳುತ್ತದೆ. ಹೀಗಾಗಿ ಒಣಗಿಸಿ ಪುಡಿ ಮಾಡಿದ ಒಂದು ಚಿಟಿಕೆ ಎಲೆಯಲ್ಲಿ ಈ ಎರಡರ ಪ್ರಮಾಣವನ್ನು ಅಳೆದರೆ, ಆ ಗಿಡ ಇಷ್ಟು ದಿನ ನೀರನ್ನು ಹೇಗೆ ಖರ್ಚು ಮಾಡಿತೆಂಬ ಲೆಕ್ಕ ಸಿಗುತ್ತದೆ. ಆಸ್ಟ್ರೇಲಿಯಾದ ಗ್ರಹಾಂ ಫಾರ್ಕ್ವಾರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಕಟ್ಟಿದ ಈ ಸಿದ್ಧಾಂತವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಿರುವ ಜಿಕೆವಿಕೆಯ ಬೆಳೆ ಶರೀರಕ್ರಿಯಾಶಾಸ್ತ್ರ ವಿಭಾಗದವರು ನಮ್ಮ ಬೆಳೆಗಳಿಗೆ ಅನ್ವಯಿಸಿ ದೀರ್ಘಕಾಲ ದುಡಿದರು. ಅಷ್ಟು ದುಬಾರಿ ಯಂತ್ರವಿಲ್ಲದ ಕಡೆ, ಶೇಂಗಾದಲ್ಲಿ ಎಲೆ ದಪ್ಪವಿದ್ದಷ್ಟೂ ನೀರಿನ ಬಳಕೆ ಮೇಲು ಎಂಬ ನಂಟೂ ಕೆಲಸಕ್ಕೆ ಬಂತು. ತಳಿ ಅಭಿವೃದ್ಧಿ ಮಾಡುವವರು ಈ ಬಗೆಯ ಗುಣಗಳನ್ನೂ ಇಳುವರಿಯನ್ನೂ ಒಟ್ಟಿಗೆ ನೋಡಲಾರಂಭಿಸಿದರು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿಂದ ಬಂದ ಐಸಿಜಿವಿ 91114 ಎಂಬ ಬರ ತಾಳುವ, ಬೇಗ ಮಾಗುವ ಶೇಂಗಾ ನಿಮ್ಮ ಪಕ್ಕದ ಅನಂತಪುರದಲ್ಲಿ ಟಿಎಂವಿ-2ರ ಜಾಗವನ್ನು ಒಂದಿಷ್ಟು ಹಿಡಿಯಿತು. ಧಾರವಾಡದ ಜಿಪಿಬಿಡಿ-4 ತುಕ್ಕು ಮತ್ತು ಎಲೆಚುಕ್ಕೆ ರೋಗಗಳನ್ನು ತಡೆಯುತ್ತದೆ.

ಹಾಗಿದ್ದರೆ ಹೊಸ ತಳಿ ನಿಮ್ಮ ಹೊಲಕ್ಕೆ ಏಕೆ ಬರಲಿಲ್ಲ? ಕಾರಣದ ದೊಡ್ಡ ಪಾಲು ಶೇಂಗಾದ ಬೀಜದಲ್ಲಿಯೇ ಇದೆ. ಎಕರೆಗೆ 40–50 ಕಿಲೊ ಬೀಜ ಬೇಕು, ಬಿತ್ತಿದ್ದಕ್ಕೆ ಒಳ್ಳೆಯ ವರ್ಷದಲ್ಲೂ ಹಿಂದಿರುಗುವುದು ಎಂಟು ಹತ್ತು ಪಟ್ಟು. ಮೆಕ್ಕೆಜೋಳಕ್ಕೆ ಎಕರೆಗೆ ಏಳೆಂಟು ಕಿಲೊ ಸಾಕು, ಒಂದೇ ತೆನೆಯಲ್ಲಿ ನಾನ್ನೂರು ಕಾಳು ಕಟ್ಟುತ್ತದೆ. ಆದ್ದರಿಂದ ಹೊಸ ಮೆಕ್ಕೆಜೋಳ ಮೂರ್ನಾಲ್ಕು ಹಂಗಾಮಿನಲ್ಲಿ ದಾವಣಗೆರೆ ಜಿಲ್ಲೆಯ ಉದ್ದಗಲಕ್ಕೂ ಹಬ್ಬಬಲ್ಲದು. ಹೊಸ ಶೇಂಗಾ ಒಂದು ಹೋಬಳಿಯನ್ನು ತುಂಬಲು ವರ್ಷಗಳೇ ಬೇಕು, ನಡುವೆ ಒಂದು ಬರ ಬಿದ್ದರೆ ಕೂಡಿಟ್ಟ ಬೀಜವೂ ಗಾಣಕ್ಕೆ ಹೋಗುತ್ತದೆ. ಸಾಲದ್ದಕ್ಕೆ ಶೇಂಗಾದ ಹೂವು ತನ್ನ ಪರಾಗದಿಂದಲೇ ಗರ್ಭಕಟ್ಟುವುದರಿಂದ ರೈತ ಒಮ್ಮೆ ಕೊಂಡ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ರೈತನಿಗೆ ಇದು ವರ, ಬೀಜದ ಕಂಪನಿಗೆ ಇದರಲ್ಲಿ ಲಾಭವಿಲ್ಲ. ಹೀಗಾಗಿ ಶೇಂಗಾದ ಹೊಸ ತಳಿ ಸರ್ಕಾರಿ ಬೀಜೋತ್ಪಾದನೆಯನ್ನು, ಊರೊಳಗಿನ ಬೀಜದ ಸಂಘಗಳನ್ನು ನೆಚ್ಚಿಕೊಂಡೇ ಬರಬೇಕು, ಆ ದಾರಿ ನಿಧಾನವಾಗಿದೆ. ತಳಿ ಹುಟ್ಟಿದ ಜಾಗಕ್ಕೂ ನಿಮ್ಮ ಕೂರಿಗೆಗೂ ನಡುವಿನ ಈ ತೆರಪು ವಿಜ್ಞಾನದ ಸೋಲೆಂದು ನಾನು ಒಪ್ಪುವುದಿಲ್ಲ, ಆದರೆ ನಮ್ಮ ವಿಜ್ಞಾನಿಗಳು ಅದನ್ನು ತಮ್ಮ ಕೆಲಸವೆಂದು ಭಾವಿಸದೆ ಹೋದದ್ದುಂಟು. ನಾನೂ ಬಹಳ ಕಾಲ ಹಾಗೆಯೇ ಭಾವಿಸಿದ್ದೆ. ಈಗಿನ ಹುಡುಗರು ಹಾಗೆ ಭಾವಿಸಬಾರದೆಂಬುದು ನನ್ನ ಆಸೆ.

ವಿಜ್ಞಾನ ಬೇಗ ಹೊಲ ಮುಟ್ಟಿದ ನಿದರ್ಶನಗಳೂ ಇವೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಬೆರೆಸಿ ಇಂಡಾಫ್ ತಳಿಗಳನ್ನು ತಂದರು, ಕರ್ನಾಟಕದ ರಾಗಿ ಇಳುವರಿಯ ಲೆಕ್ಕವೇ ಬದಲಾಯಿತು. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಅದರ ಪರಾಗವನ್ನು ಕೈಯಿಂದ ಕೂಡಿಸುವ ಕೆಲಸವನ್ನು ಕಣ್ಣಾರೆ ನೋಡಿದವರು ಮಾತ್ರ ಅದರ ಹಿಂದಿನ ತಾಳ್ಮೆಯನ್ನು ಊಹಿಸಬಲ್ಲರು. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ತಂದ ವರಲಕ್ಷ್ಮಿ ಹತ್ತಿ, ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ವಾಣಿಜ್ಯವಾಗಿ ಬೆಳೆದ ಜಗತ್ತಿನ ಮೊದಲ ಸಂಕರ ತಳಿ. ಉದ್ದ ಎಳೆಯ ಹತ್ತಿಗಾಗಿ ಹೊರದೇಶದತ್ತ ನೋಡುತ್ತಿದ್ದ ಗಿರಣಿಗಳಿಗೆ ಅದು ಇಲ್ಲಿಯೇ ದೊರೆಯುವಂತಾಯಿತು.

ಇಲ್ಲಿ ಒಂದು ಭ್ರಮೆಯನ್ನೂ ಬಿಡಿಸಬೇಕು. ಬರ ತಾಳುವ ಜೀನ್ ಒಂದನ್ನು ಹುಡುಕಿ ಸೇರಿಸಿಬಿಟ್ಟರೆ ಬರದ ಸಮಸ್ಯೆ ಮುಗಿಯಿತು ಎಂದು ಹೊಸ ವಿದ್ಯಾರ್ಥಿಗಳು ನಂಬಿರುತ್ತಾರೆ. ನೆರೆಯ ವಿಷಯದಲ್ಲಿ ಹೆಚ್ಚುಕಡಿಮೆ ಹಾಗೆಯೇ ಆಯಿತು. ಮುಳುಗಿದ ಭತ್ತ ಎರಡು ವಾರ ತಡೆದುಕೊಳ್ಳುವಂತೆ ಮಾಡುವ ಸಬ್‌1ಎ ಎಂಬ ಒಂದೇ ಜೀನ್ 2006ರಲ್ಲಿ ಗುರುತಾಯಿತು, ಅದನ್ನು ಹೊಂದಿದ ಸ್ವರ್ಣ-ಸಬ್‌1 ಭತ್ತ 2009ರಲ್ಲಿ ನಮ್ಮ ದೇಶದ ರೈತರಿಗೆ ಸಿಕ್ಕಿತು. ಬರ ಹಾಗಲ್ಲ. ಬಿತ್ತಿದ ಇಪ್ಪತ್ತನೆಯ ದಿನದ ಬರ ಬೇರೆ, ಸೂಜಿ ಇಳಿಯುವಾಗಿನ ಬರ ಬೇರೆ, ಕಾಯಿ ತುಂಬುವಾಗಿನ ಬರ ಇನ್ನೂ ಬೇರೆ. ಆಳದ ಬೇರು, ದಪ್ಪ ಎಲೆ, ಬೇಗ ಮಾಗುವ ಗುಣ, ಮಳೆ ಬಂದೊಡನೆ ಚೇತರಿಸುವ ಗುಣ, ಇವೆಲ್ಲ ಹತ್ತಾರು ಜೀನ್‌ಗಳ ಕೂಡುಫಲ. ಒಮ್ಮೆ ನಾವು ಕುಂಡಗಳಲ್ಲಿ ನೀರು ನಿಲ್ಲಿಸಿ ಪರೀಕ್ಷಿಸಿ ಅತ್ಯುತ್ತಮವೆಂದು ಆರಿಸಿದ ಸಾಲುಗಳನ್ನು ಹೊಲದಲ್ಲಿ ಹಾಕಿದಾಗ ಅವು ಸಾಧಾರಣವಾಗಿ ಉಳಿದವು. ನಾವು ಕೈಬಿಟ್ಟ ಸಾಲೊಂದು ಚೆನ್ನಾಗಿ ಬಂದಿತ್ತು. ಅಗೆದು ನೋಡಿದಾಗ ಅದರ ಬೇರು ಆಳಕ್ಕೆ ಇಳಿದಿತ್ತು, ಒಂದಡಿಯ ಕುಂಡದಲ್ಲಿ ಆ ಗುಣ ಕಾಣುವುದು ಸಾಧ್ಯವೇ ಇರಲಿಲ್ಲ. ಹೊಲವನ್ನು ಬಲ್ಲ ಮನೆಯ ಮಕ್ಕಳು ಈ ವಿಜ್ಞಾನಕ್ಕೆ ಬೇಕೆಂದು ನಾನು ಹೇಳುವುದು ಇಂಥ ಅನುಭವದಿಂದ.

ನಿಮ್ಮ ಮಗಳು ಹೇಳುವ ವಸ್ತುಗಳ ವಿಚಾರಕ್ಕೆ ಬರೋಣ. ಎಲೆಯಲ್ಲಿ ತಯಾರಾದ ಸಕ್ಕರೆ ಶೇಂಗಾ ಬೀಜದಲ್ಲಿ ಎಣ್ಣೆಯಾಗುತ್ತದೆ, ಮೆಕ್ಕೆಜೋಳದಲ್ಲಿ ಪಿಷ್ಟವಾಗುತ್ತದೆ, ಹತ್ತಿಯಲ್ಲಿ ಎಳೆಯಾಗುತ್ತದೆ. ಆಹಾರಕ್ಕೊಂದು, ವಸ್ತುವಿಗೊಂದು ಎಂದು ಎರಡು ವಿಜ್ಞಾನಗಳಿಲ್ಲ. ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯಲ್ಲಿ ಹತ್ತಿಯ ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ನೋಡದವರು ಕಡಿಮೆ, ಆದರೆ ಆ ಎಳೆ ಒಂದೇ ಒಂದು ಜೀವಕೋಶ ಎಂಬುದು ತಿಳಿದವರೂ ಕಡಿಮೆ. ಹೂವು ಅರಳಿದ ದಿನವೇ ಬೀಜದ ಹೊರಪದರದ ಕೆಲವು ಕೋಶಗಳು ಉಬ್ಬಿ ಬೆಳೆಯತೊಡಗುತ್ತವೆ. ಮೂರು ವಾರಗಳಲ್ಲಿ ಮೂರು ಸೆಂಟಿಮೀಟರಿನಷ್ಟು, ತಮ್ಮ ಅಗಲದ ಸಾವಿರಕ್ಕೂ ಹೆಚ್ಚು ಪಟ್ಟು, ಉದ್ದವಾಗುತ್ತವೆ. ಅನಂತರ ಉದ್ದ ಬೆಳೆಯುವುದು ನಿಂತು, ಒಳಗೋಡೆಗೆ ಪದರ ಪದರವಾಗಿ ಸೆಲ್ಯುಲೋಸ್ ಕೂಡುತ್ತ ಹೋಗುತ್ತದೆ. ಒಣಗಿದ ಎಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಅದೇ. ಮೊದಲ ಮೂರು ವಾರ ನೀರಿನ ಕೊರತೆಯಾದರೆ ಎಳೆ ಗಿಡ್ಡವಾಗುತ್ತದೆ, ಆಮೇಲೆ ಕೊರತೆಯಾದರೆ ಎಳೆ ಉದ್ದವಿದ್ದೂ ಟೊಳ್ಳಾಗಿ, ನೂಲುವಾಗ ತುಂಡಾಗುತ್ತದೆ. ಹತ್ತಿ ಮಾರುಕಟ್ಟೆಯಲ್ಲಿ ದರ ಇಳಿದಾಗ ಅದರ ಹಿಂದೆ ಹೊಲದ ಯಾವ ವಾರದ ಬಾಧೆ ಇದೆಯೆಂದು ಹೇಳಬಲ್ಲವರು ಬೇಕು.

ಗಿಡದಿಂದ ಬಂದದ್ದೆಲ್ಲ ಪರಿಸರಕ್ಕೆ ಒಳ್ಳೆಯದು ಎಂಬ ಮಾತನ್ನು ಮಾತ್ರ ನಿಮ್ಮ ಮಗಳು ಪರೀಕ್ಷಿಸದೆ ಒಪ್ಪಬಾರದು. ಹರಿಹರದ ಎದುರು ದಡದ ಕುಮಾರಪಟ್ಟಣಂನಲ್ಲಿ ಮರದ ತಿರುಳಿನಿಂದ ರೇಯಾನ್ ಬಟ್ಟೆಯ ನಾರು ತಯಾರಾಗುವುದು ನಿಮಗೆ ಗೊತ್ತಿರಬಹುದು. ಮರದಲ್ಲಿ ಸೆಲ್ಯುಲೋಸಿನ ಎಳೆಗಳನ್ನು ಲಿಗ್ನಿನ್ ಎಂಬ ವಸ್ತು ಗಾರೆಯಂತೆ ಬಿಗಿದಿರುತ್ತದೆ, ಅದನ್ನು ಕರಗಿಸಲು ರಾಸಾಯನಿಕಗಳೂ ಅಪಾರ ನೀರೂ ಬೇಕು. ಲಿಗ್ನಿನ್ ಕಡಿಮೆಯಿರುವ ಮರ ಬೆಳೆಸಬಾರದೇ ಎಂದರೆ, ಮರ ನೆಟ್ಟಗೆ ನಿಲ್ಲುವುದೂ ಹುಳುಹುಪ್ಪಟೆಗೆ ಎದುರಾಗುವುದೂ ಅದೇ ಲಿಗ್ನಿನ್ನಿನ ಬಲದಿಂದ. ಇದು ತಾಂತ್ರಿಕ ತೊಡಕು. ಇದಕ್ಕಿಂತ ದೊಡ್ಡ ತೊಡಕು ನೆಲದ್ದು. ಕಾರ್ಖಾನೆಯ ತಿರುಳಿಗಾಗಿ ಹಳ್ಳಿಗಳ ಗೋಮಾಳದಲ್ಲಿ ನೀಲಗಿರಿ ನೆಟ್ಟಾಗ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನರು ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿಯೂ ಗಿಡವೇ, ರೇಯಾನೂ ಗಿಡದಿಂದ ಬಂದದ್ದೇ. ದನ ಮೇಯುವ ಜಾಗ ಹೋದವರಿಗೆ ಆ ಮಾತಿನಿಂದ ಸಮಾಧಾನವಿರಲಿಲ್ಲ.

ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಹುದುಗಿಸಿ, ಲ್ಯಾಕ್ಟಿಕ್ ಆಮ್ಲ ಪಡೆದು ಅದರಿಂದ ಪಿಎಲ್ಎ ಎಂಬ ಪ್ಲಾಸ್ಟಿಕ್ ತಯಾರಿಸುತ್ತಾರೆ. ಅದು ಕೊಳೆಯುತ್ತದೆಂದು ಮಾರುತ್ತಾರೆ, ಆದರೆ ಸುಮಾರು 60 ಡಿಗ್ರಿ ಬಿಸಿ ಉಳಿಸಿಕೊಳ್ಳುವ ಕಾಂಪೋಸ್ಟ್ ಘಟಕದಲ್ಲಲ್ಲದೆ ನಿಮ್ಮ ತಿಪ್ಪೆಗುಂಡಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ. ಚನ್ನಗಿರಿ ಕಡೆಯ ಅಡಿಕೆ ಹಾಳೆ ತಟ್ಟೆ ಇದಕ್ಕಿಂತ ಎಷ್ಟೋ ಸರಳವಾದ ವಸ್ತು. ಬಿದ್ದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಮುಗಿಯಿತು. ಅದಕ್ಕೂ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಡೆ ಹಾಕಿತು, ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಕ್ಷಾರವಸ್ತುಗಳು (ಆಲ್ಕಲಾಯ್ಡ್‌ಗಳು) ಹಾಳೆಯಿಂದ ಊಟಕ್ಕೆ ಇಳಿಯಬಹುದೆಂಬ ಕಾರಣದಿಂದ. ಬಿಸಿ ಸಾರು ಬಡಿಸಿದಾಗ ಎಷ್ಟು ಇಳಿಯುತ್ತದೆ, ಹಾಳೆಯನ್ನು ಯಾವ ಹದದಲ್ಲಿ ತೊಳೆದರೆ ಅದು ಹೋಗುತ್ತದೆ, ಯಾವ ಮರದ ಹಾಳೆಯಲ್ಲಿ ಅದು ಸಹಜವಾಗಿಯೇ ಕಡಿಮೆ, ಇವನ್ನು ಯಾರಾದರೂ ಕೂತು ಅಳೆಯಬೇಕು. ನಮ್ಮ ಸೀಮೆಯ ಹುಡುಗಿಯೊಬ್ಬಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯವನ್ನು ನಾನು ಸದ್ಯಕ್ಕೆ ಸೂಚಿಸಲಾರೆ.

ಜೀನ್ ಬದಲಿಸಿದ ಬೆಳೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಮ್ಮ ದೇಶದಲ್ಲಿ ರೈತರು ವಾಣಿಜ್ಯವಾಗಿ ಬೆಳೆಯುತ್ತಿರುವ ಅಂಥ ಬೆಳೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ ಮಾತ್ರ, ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಹೊರಗಿನ ಜೀನ್ ಉಳಿಸದೆ ಗಿಡದ ಸ್ವಂತ ಜೀನ್ ತಿದ್ದುವ ವಿಧಾನಕ್ಕೆ 2022ರಲ್ಲಿ ನಿಯಮ ಸಡಿಲವಾಗಿ, 2025ರ ಮೇ ತಿಂಗಳಲ್ಲಿ ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ಸಸ್ಯವಿಜ್ಞಾನ ಓದಿದವರೆಲ್ಲ ಈ ಕೆಲಸವನ್ನೇ ಮಾಡುತ್ತಾರೆಂಬುದು ತಪ್ಪು ಕಲ್ಪನೆ, ಬಹುಪಾಲು ಜನ ಇದರ ಹೊರಗೇ ದುಡಿಯುತ್ತಾರೆ.

ಇನ್ನು ಪದವಿಯ ಆಯ್ಕೆ. ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದು ಇಲ್ಲಿ ಒಪ್ಪಲೇಬೇಕು, ಏಕೆಂದರೆ ಒಂದೇ ಗಿಡವನ್ನು ಓದುವ ಎರಡು ಪದವಿಗಳಿಗೆ ಸರ್ಕಾರದ ನಿಯಮಗಳಲ್ಲಿ ಎರಡು ಬೇರೆ ಬಾಗಿಲುಗಳಿವೆ. ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಕೃಷಿ ಪದವಿ ಇಲ್ಲದೆ ರಾಜ್ಯದ ಕೃಷಿ ಅಧಿಕಾರಿ ಹುದ್ದೆಗೆ ದಾರಿ ಕಿರಿದು. ಸಾಮಾನ್ಯ ಕಾಲೇಜಿನ ಸಸ್ಯಶಾಸ್ತ್ರದ ಬಿ.ಎಸ್ಸಿ. ಎಷ್ಟೇ ಅಂಕದಲ್ಲಿ ಪಾಸಾದರೂ ಅದಕ್ಕೆ ಸಮನಾಗುವುದಿಲ್ಲ, ಕೃಷಿ ವಿಶ್ವವಿದ್ಯಾಲಯಗಳ ಹೆಚ್ಚಿನ ಎಂ.ಎಸ್ಸಿ. ವಿಷಯಗಳಿಗೂ ಪ್ರವೇಶ ಕಷ್ಟ. ಪದವಿ ಮುಗಿದ ಮೇಲೆ ಇದು ತಿಳಿದು ನನ್ನ ಮುಂದೆ ಕಣ್ಣೀರು ಹಾಕಿದ ಮಕ್ಕಳನ್ನು ಕಂಡಿದ್ದೇನೆ. ಇತ್ತ, ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಸಸ್ಯಶಾಸ್ತ್ರ ಓದಿದವರೂ ಕೃಷಿ ಓದಿದವರೂ ಅರ್ಹರು. ಕಾಲೇಜು ಉಪನ್ಯಾಸಕ ವೃತ್ತಿಗೆ ಎಂ.ಎಸ್ಸಿ. ಮತ್ತು ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಬೇಕು.

ನಿಮ್ಮ ಮನೆಯ ಸ್ಥಿತಿಗೆ ನನ್ನ ಮೊದಲ ಸಲಹೆ ಕೃಷಿ ಅಥವಾ ತೋಟಗಾರಿಕೆಯ ಬಿ.ಎಸ್ಸಿ. ಸಿಇಟಿಯಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿವೆ, ಅವುಗಳಿಗೆ ದಾಖಲೆಗಳ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ನಿಮ್ಮ ಮಗಳು ಅದಕ್ಕೆ ಹಾಜರಾಗಿದ್ದಾಳೆಯೇ ಎಂದು ಇಂದೇ ನೋಡಿ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ ಸೇರಿದ ತೋಟಗಾರಿಕೆ ಕಾಲೇಜು ನಿಮಗೆ ಹತ್ತಿರದ ಹಿರಿಯೂರಿನಲ್ಲೇ ಇದೆ, ಬಬ್ಬೂರು ಫಾರ್ಮ್‌ನ ಸಂಶೋಧನಾ ಕೇಂದ್ರವೂ ಅಲ್ಲೇ. ಈ ದಾರಿಯ ಲಾಭವೆಂದರೆ ಸಂಶೋಧನೆಯ ಆಸೆ ನಡುವೆ ಬತ್ತಿದರೂ ಕೈಯಲ್ಲೊಂದು ವೃತ್ತಿ ಉಳಿಯುತ್ತದೆ. ಬೀಜ ಕಂಪನಿ, ಬ್ಯಾಂಕು, ಇಲಾಖೆ, ಸ್ವಂತ ನರ್ಸರಿ ಇವೆಲ್ಲ ತೆರೆದಿರುತ್ತವೆ. ರಾಣೆಬೆನ್ನೂರಿನ ಸುತ್ತಮುತ್ತ ನಡೆಯುವ ಬೀಜೋತ್ಪಾದನೆಯಲ್ಲೇ ಸಾಕಷ್ಟು ಪದವೀಧರರು ದುಡಿಯುತ್ತಿದ್ದಾರೆ. ಕೊರತೆಯೆಂದರೆ ಹತ್ತಾರು ವಿಷಯಗಳನ್ನು ಸ್ವಲ್ಪ ಸ್ವಲ್ಪ ಓದಿಸುತ್ತಾರೆ, ಜೀವರಸಾಯನ, ತಳಿಶಾಸ್ತ್ರ, ಅಂಕಿಅಂಶಶಾಸ್ತ್ರಗಳಲ್ಲಿ ಆಳವನ್ನು ಅವಳೇ ಸಂಪಾದಿಸಿಕೊಳ್ಳಬೇಕು.

ಕೃಷಿ ಸೀಟು ಸಿಗದಿದ್ದರೆ, ಅಥವಾ ವಸ್ತುಗಳ ಕಡೆಗೇ ಅವಳ ಒಲವು ಗಟ್ಟಿಯಿದ್ದರೆ, ಸಾಮಾನ್ಯ ಬಿ.ಎಸ್ಸಿ. ಕೀಳೇನಲ್ಲ. ಕರ್ನಾಟಕದಲ್ಲಿ 2024–25ರಿಂದ ಅದು ಮತ್ತೆ ಮೂರು ವರ್ಷದ್ದಾಗಿದೆ. ಸಸ್ಯಶಾಸ್ತ್ರದ ಜೊತೆ ರಸಾಯನಶಾಸ್ತ್ರವನ್ನು ಮಾತ್ರ ಬಿಡಬಾರದು. ಸೆಲ್ಯುಲೋಸ್, ಪಿಷ್ಟ, ಎಣ್ಣೆ, ಕ್ಷಾರವಸ್ತು ಯಾವುದನ್ನು ಅಳೆಯಬೇಕಾದರೂ ಅದು ಬೇಕು. ಮುಂದೆ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ಸಸ್ಯಶಾಸ್ತ್ರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಇದೆ, ದೇಶದ ದೊಡ್ಡ ಸಂಸ್ಥೆಗಳಿಗೆ ಜ್ಯಾಮ್ ಮತ್ತು ಗ್ಯಾಟ್-ಬಿ ಪರೀಕ್ಷೆಗಳಿವೆ. ಈ ದಾರಿಯಲ್ಲಿ ಪದವಿಯೊಂದರಿಂದಲೇ ಒಳ್ಳೆಯ ಕೆಲಸ ಸಿಗುವುದು ಅಪರೂಪ, ಎಂ.ಎಸ್ಸಿ. ಮಾಡಿಯೇ ತೀರಬೇಕೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ವಿಜ್ಞಾನವನ್ನೇ ಕಲಿಸುವ ಐಸರ್ ಎಂಬ ಕೇಂದ್ರ ಸಂಸ್ಥೆಗಳಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿಗೂ ಪ್ರವೇಶದ ನಿಯಮ ಬೇರೆ. ನಿಮ್ಮ ತಾಲ್ಲೂಕಿನ ಕುದಾಪುರದಲ್ಲಿ ಆ ಸಂಸ್ಥೆಯ ಎರಡನೆಯ ಆವರಣವಿದ್ದರೂ ಪದವಿ ತರಗತಿಗಳು ನಡೆಯುವುದು ಬೆಂಗಳೂರಿನಲ್ಲಿ.

ಕೆಲಸ ಖಾತ್ರಿ ಎನ್ನುವ ಕಾಲೇಜಿನವರಿಗೆ ಎರಡೇ ಪ್ರಶ್ನೆ ಕೇಳಿ. ಕಳೆದ ವರ್ಷ ಪಾಸಾದ ಮಕ್ಕಳಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಸೇರಿದವರು ಎಷ್ಟು ಮಂದಿ, ಕಾಲ್‌ಸೆಂಟರ್‌ಗೋ ಔಷಧ ಮಾರಾಟಕ್ಕೋ ಹೋದವರು ಎಷ್ಟು ಮಂದಿ? ಎರಡನೆಯದಾಗಿ, ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಿಂದ ಪ್ರಯೋಗ ಮಾಡುತ್ತಾನೆಯೇ ಅಥವಾ ಒಬ್ಬರು ಮಾಡಿ ತೋರಿಸುವುದನ್ನು ಉಳಿದವರು ನೋಡುತ್ತಾರೆಯೇ? ಖಾಸಗಿ ಕೃಷಿ ಪದವಿಯಾದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಮಾನ್ಯತೆಯ ಪತ್ರವನ್ನು ಕಣ್ಣಾರೆ ನೋಡದೆ ಶುಲ್ಕ ಕಟ್ಟಬೇಡಿ. ಆ ಮಾನ್ಯತೆ ಇಲ್ಲದ ಪದವಿಯಿಂದ ಐಸಿಎಆರ್‌ನ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯ ಬಾಗಿಲು ಮುಚ್ಚಿಹೋಗುತ್ತದೆ.

ಸಂಶೋಧಕಿಯಾಗಬೇಕೆಂದರೆ ಪದವಿ, ಎಂ.ಎಸ್ಸಿ., ಪಿಎಚ್.ಡಿ. ಸೇರಿ ಹತ್ತು ಹನ್ನೊಂದು ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ನೀವೇ ಹಣ ಹೊಂದಿಸಬೇಕೆಂದೇನಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ವೇತನದ ಪರೀಕ್ಷೆ ಪಾಸಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಂಶೋಧನಾ ವೇತನವಿದೆ, ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಅದು ಸ್ಪರ್ಧೆಯ ಪರೀಕ್ಷೆ, ವೇತನ ತಡವಾಗಿ ಬರುವ ತಿಂಗಳುಗಳೂ ಇರುತ್ತವೆ, ಪಿಎಚ್.ಡಿ. ಆದ ಮೇಲೂ ಕಾಯಂ ಹುದ್ದೆಗೆ ಕೆಲವು ವರ್ಷ ಕಾಯಬೇಕಾದೀತು. ಮದುವೆಯ ಮಾತು ಬರುವ ವಯಸ್ಸೂ ಅದೇ. ಓದು ಮುಗಿಯುವವರೆಗೆ ಆ ಒತ್ತಡವನ್ನು ತಡೆದು ನಿಲ್ಲಿಸುವ ಹೊಣೆ ನಿಮ್ಮದು. ಅದನ್ನು ತಂದೆಯಲ್ಲದೆ ಬೇರೆ ಯಾರೂ ಮಾಡಲಾರರು. ನೀಟ್‌ಗೆ ಇನ್ನೊಂದು ವರ್ಷ ಕೂರಿಸುವ ವಿಚಾರವನ್ನು ಅವಳೇ ಬೇಡವೆನ್ನುತ್ತಿರುವಾಗ ಕೈಬಿಡಿ. ಮನಸ್ಸಿಲ್ಲದೆ ಕೂತವರ ಅಂಕ ಏರಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಅವಳ ಆಸಕ್ತಿ ಗಟ್ಟಿಯೋ ಎಂಬ ಸಂದೇಹ ನಿಮಗಿದ್ದರೆ ಅದನ್ನು ತಿಳಿಯಲು ನಿಮ್ಮ ಹೊಲವೇ ಸಾಕು. ಈ ಬಾರಿ ಶೇಂಗಾಕ್ಕೆ ಜಿಪ್ಸಂ ಕೊಡುವಾಗ ನಾಲ್ಕು ಸಾಲುಗಳನ್ನು ಕೊಡದೆ ಬಿಡಿ, ಎರಡು ಸಾಲು ಹೊಲದ ಈ ತುದಿಯಲ್ಲಿ, ಎರಡು ಆ ತುದಿಯಲ್ಲಿ, ಗೂಟ ನೆಟ್ಟು ಗುರುತು ಮಾಡಿ. ನಲವತ್ತನೆಯ ದಿನದ ಹೊತ್ತಿಗೆ ಅವಳು ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು, ಬೇರುಗಂಟುಗಳನ್ನು ಉಗುರಿನಿಂದ ಸೀಳಿ ನೋಡಲಿ. ಒಳಗೆ ರಕ್ತದಂಥ ಕೆಂಪು ಬಣ್ಣವಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ, ಹಸಿರೋ ಬೂದಿಯೋ ಆಗಿದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ. ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೇಲ್‌ಪಾಲಿಶ್ ತೆಳ್ಳಗೆ ಸವರಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎಬ್ಬಿಸಿ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಟ್ಟರೆ ನಾನು ಮೇಲೆ ಹೇಳಿದ ಆ ಬಾಗಿಲುಗಳ ಅಚ್ಚು ಕಾಣುತ್ತದೆ. ಬೆಳಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ತೆಗೆದು ಹೋಲಿಸಲಿ. ದೀಪಾವಳಿ ರಜೆಗೆ ಅವಳು ಊರಿಗೆ ಬರುವ ಹೊತ್ತಿಗೆ ಕಾಯಿ ಬಲಿತಿರುತ್ತದೆ. ಜಿಪ್ಸಂ ಕೊಟ್ಟ ಸಾಲಿನ ಇಪ್ಪತ್ತು ಗಿಡ, ಕೊಡದ ಸಾಲಿನ ಇಪ್ಪತ್ತು ಗಿಡ ಕಿತ್ತು, ಪ್ರತಿ ಗಿಡದ ತುಂಬಿದ ಕಾಯಿಯನ್ನೂ ಜೊಳ್ಳು ಕಾಯಿಯನ್ನೂ ಬೇರೆ ಬೇರೆ ಎಣಿಸಿ ಬರೆದುಕೊಳ್ಳಲಿ. ವ್ಯತ್ಯಾಸ ಕಾಣದೆಯೂ ಇರಬಹುದು. ಹಾಗಾದರೆ ನಿಮ್ಮ ಮಣ್ಣಿನಲ್ಲಿ ಕ್ಯಾಲ್ಸಿಯಂ ಈಗಾಗಲೇ ಸಾಕಷ್ಟಿದೆಯೇ ಎಂಬುದು ಮುಂದಿನ ಪ್ರಶ್ನೆ, ಅದಕ್ಕೆ ಮಣ್ಣು ಪರೀಕ್ಷೆಯ ಕೇಂದ್ರವಿದೆ. ಎಣಿಸಿದ ಹಾಳೆಯನ್ನು ನನಗೂ ಕಳುಹಿಸಲಿ, ನೋಡಿ ಉತ್ತರ ಬರೆಯುತ್ತೇನೆ.